ಉಂಡ ಮನೆಯ ಕಡೆಗೆ ಎದ್ದ ಕೈ

ಬೆಳಗಾವಿ

ಪರದೇಶಕ್ಕೆ ಹೊರಟವರು ಮೊದಲು ಪಾಸ್‌ಪೋರ್ಟ್ ಎಲ್ಲಿದೆ ಎಂದು ನೋಡಿಕೊಳ್ಳುತ್ತಾರೆ. ನೀಲವ್ವ ನೋಡಿಕೊಂಡದ್ದು ಶೇಂಗಾ ಚಟ್ನಿಪುಡಿಯ ಡಬ್ಬಿಯ ಮುಚ್ಚಳ ಬಿಗಿಯಾಗಿದೆಯೇ ಎಂದು. ಖಡೇಬಜಾರಿನಲ್ಲಿ ಅಂಗಡಿ ಅಂಗಡಿ ಹತ್ತಿಳಿದು, ಕಂಡ ಡಬ್ಬಿಯನ್ನೆಲ್ಲ ತಲೆಕೆಳಗು ಮಾಡಿ ಅಲ್ಲಾಡಿಸಿ, ಚೌಕಾಶಿ ಮಾಡಿ ಮಾಡಿ ಕೊನೆಗೆ ಮೊದಲನೆಯ ಅಂಗಡಿಯ ಡಬ್ಬಿಯನ್ನೇ ಕೊಂಡಳು. ನನಗೆ ಸಿಟ್ಟು ಬಂದಿತ್ತು. ಸಿಟ್ಟು ಬರುವುದು ನನಗೆ ಹೊಸದಲ್ಲ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವರಿಗೆ ಅದು ಸಂಬಳದ ಜೊತೆಗೇ ಬರುತ್ತದೆ.

ನೀಲವ್ವ ಖಾನಾಪುರ ತಾಲ್ಲೂಕಿನಲ್ಲಿ, ಪಾರಿಶ್ವಾಡ ದಾಟಿ ಇನ್ನೂ ಒಳಗೆ ಹೋದರೆ ಸಿಗುವ ಹಳ್ಳಿಯೊಂದರ ಗ್ರಾಮ ಪಂಚಾಯಿತಿ ಅಧ್ಯಕ್ಷೆ. ಊರಿನ ಹೆಸರು ಬರೆಯಕೂಡದೆಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದಾಳೆ. ಕುರಿ ಕಾಯುವ ಮನೆತನ. ಮಗ ಬಸ್ ಕಂಡಕ್ಟರ್. ಆಕೆ ಗುಟ್ಟು ಹೇಳಿದರೂ ಪಕ್ಕದ ಓಣಿಗೆ ಕೇಳಿಸುತ್ತದೆ. ಹೊಸ ಸಹಸ್ರಮಾನಕ್ಕೆ ಜಗತ್ತಿನ ಕಂಪ್ಯೂಟರೆಲ್ಲ ನಿಂತುಹೋಗುತ್ತವೆ ಎಂದು ಹೆದರಿಸಿದ್ದರಲ್ಲ, ಅಂಥದ್ದೇನೂ ಆಗದೆ ಆ ವರ್ಷ ಮುಗಿಯುತ್ತ ಬಂದಿತ್ತು. ಆಗ ಒಂದು ಸೇವಾ ಸಂಸ್ಥೆಯವರು, ಪರದೇಶದ ಹಳ್ಳಿಯ ಜನ ತಮ್ಮ ಊರಿನ ಬಜೆಟ್ಟನ್ನು ತಾವೇ ಕೂತು ಹೇಗೆ ಪಾಸು ಮಾಡುತ್ತಾರೆಂದು ನೋಡಿ ಬರಲು ನೀಲವ್ವನನ್ನು ಸ್ವಿಟ್ಜರ್ಲೆಂಡಿಗೆ ಕಳಿಸಿದರು. ಆಕೆಯ ಬಾಯಿ ಮತ್ತು ಕಿವಿಯಾಗಿ ನಾನು ಹೋಗಬೇಕಿತ್ತು.

ಡಬ್ಬಿಯಾದ ಮೇಲೆ ಸ್ವೆಟರು. ಅಂಗಡಿಯ ಇಸ್ಮಾಯಿಲಣ್ಣ ಸ್ವೆಟರ್ ತೋರಿಸುವ ಮೊದಲು ದಿಲ್ಲಿಯ ಹಣಕಾಸು ಮಂತ್ರಿಗೆ ಬುದ್ಧಿ ಹೇಳಲು ಕೂತ.

"ಡಾಲರ್ ಏರಾಕತ್ತೇತ್ರಿ ಅಕ್ಕಾರ, ಡೀಸೆಲ್ ಏರೇತಿ. ಈ ಸಲ ಬಜೆಟ್‌ನ್ಯಾಗ ಉಣ್ಣಿ ಮ್ಯಾಲಿನ ಟ್ಯಾಕ್ಸ್ ಇಳಸಲಿಲ್ಲಂದ್ರ ನಾವು ಅಂಗಡಿ ಬಂದ್ ಮಾಡೂದ ನೋಡ್ರಿ."

ಕ್ಯಾಪು ಕೊಳ್ಳಲು ಬಂದವರೊಬ್ಬರು ಅದು ಹಾಗಲ್ಲ ಎಂದರು. ಬಾಜುವಿನ ಪಾತ್ರೆ ಅಂಗಡಿಯವರು ಎದ್ದು ಬಂದು ಇಬ್ಬರಿಗೂ ತಿಳಿವಳಿಕೆ ಸಾಲದು ಎಂದರು. ಚಹಾ ಬಂತು. ನಮ್ಮ ಬೆಳಗಾವಿಯಲ್ಲಿ ಇದೊಂದು ಸೊಗಸು: ಕನ್ನಡದಲ್ಲಿ ಶುರುವಾದ ಆರ್ಥಿಕ ಚರ್ಚೆ ಮರಾಠಿಯಲ್ಲಿ ಬಿಸಿಯಾಗಿ ಉರ್ದುವಿನಲ್ಲಿ ತಣ್ಣಗಾಗುತ್ತದೆ. ನನಗೋ ರೈಲಿಗೆ ಹೊತ್ತಾಗುತ್ತಿತ್ತು.

"ದಿಲ್ಲೀದು ಇರಲ್ರಿ ಅಣ್ಣಾರ," ಎಂದೆ, "ನಿಮ್ಮ ಓಣಿ ದೀಪಕ್ಕ ಈ ವರ್ಷ ಎಷ್ಟು ರೊಕ್ಕಾ ಇಟ್ಟಾರ, ಗೊತ್ತೈತೇನು?"

ಇಸ್ಮಾಯಿಲಣ್ಣ ನಾನು ಆತನ ಹೆಂಡತಿಯ ವಯಸ್ಸು ಕೇಳಿದೆನೇನೋ ಎಂಬಂತೆ ನೋಡಿದ. "ಅದನ್ನ ಯಾರ ಕೇಳ್ತಾರ್ರೀ?" ಎಂದ.

ಎಲ್ಲರೂ ನಕ್ಕರು. ನೀಲವ್ವ ಮಾತ್ರ ನಗಲಿಲ್ಲ. ಆಕೆಯ ತಲೆಯಲ್ಲಿದ್ದದ್ದು ಒಂದು ಸೇತುವೆ. ಕುರಿಗಾರರ ಓಣಿ, ಅಂದರೆ ಆಕೆಯ ಮನೆಯೂ ಇರುವ ಓಣಿ, ಹಳ್ಳದ ಆಚೆ ಇದೆ. ಮಳೆಗಾಲದಲ್ಲಿ ಹಳ್ಳ ಬಂದರೆ ಮಕ್ಕಳಿಗೆ ಸಾಲಿಯಿಲ್ಲ, ದೊಡ್ಡವರಿಗೆ ಸಂತೆಯಿಲ್ಲ. ಅಧ್ಯಕ್ಷೆಯಾದ ಮೇಲೆ ಹಾಕಿಸಬಹುದು ಎಂದು ಓಣಿಯವರೆಲ್ಲ ಕಾದರು. ಆದರೆ ಆಕೆ ಬಾಯಿ ತೆರೆದಾಗಲೆಲ್ಲ, ಅಧ್ಯಕ್ಷರು ಊರಿನ ರೊಕ್ಕದಲ್ಲಿ ತಮ್ಮ ಮನೆಗೆ ದಾರಿ ಮಾಡಿಕೊಳ್ಳುತ್ತಾರೆ ಎಂದು ಮೇಲಿನ ಓಣಿಯ ಬಸಪ್ಪ ಒಂದು ಮಾತು ಹಾರಿಸಿಬಿಡುತ್ತಿದ್ದ. ಅಲ್ಲಿಗೆ ಸೇತುವೆ ಮುಂದಿನ ವರ್ಷಕ್ಕೆ ಹೋಗುತ್ತಿತ್ತು.

ಜ್ಯೂರಿಕ್

ವಿಮಾನದಲ್ಲಿ ನೀಲವ್ವ ಹೆದರುತ್ತಾಳೆ ಅಂದುಕೊಂಡಿದ್ದೆ. ಹೆದರಿದವಳು ನಾನು. ಆಕೆ ಕಂಬಳಿ ಹೊದ್ದು, ಖಾನಾಪುರದ ಘಾಟಿನ ಬಸ್ಸಿಗಿಂತ ಇದೇ ಮೇಲು ಎಂದು ಹೇಳಿ ಗೊರಕೆ ಹೊಡೆದಳು.

ಇಳಿದ ಮೇಲೆ ಕಸ್ಟಮ್ಸಿನವರ ಮುಂದೆ ಗಂಟು ಬಿಚ್ಚಬೇಕಾಯಿತು. ಎಳೆಯ ಅಧಿಕಾರಿಯೊಬ್ಬ ಖಡಕ್ ರೊಟ್ಟಿಯ ಅಟ್ಟಿಯನ್ನು ಎತ್ತಿ, ಬೆರಳಿನಿಂದ ತಟ್ಟಿ, ಇದೇನೆಂದು ಕೇಳಿದ. ತಿನ್ನುವುದು ಎಂದೆ. ನಂಬಲಿಲ್ಲ. ನೀಲವ್ವ ಒಂದು ರೊಟ್ಟಿ ಕಿತ್ತುಕೊಂಡು ಆತನ ಮೂಗಿನ ಮುಂದೆ ಲಟಕ್ಕನೆ ಮುರಿದು ಬಾಯಿಗೆ ಹಾಕಿಕೊಂಡಳು. ಆತ ಎರಡು ಹೆಜ್ಜೆ ಹಿಂದೆ ಸರಿದ. ಆಮೇಲೆ ಚಟ್ನಿಯ ಡಬ್ಬಿ. ಅದರ ಮುಚ್ಚಳ ಬಿಗಿಯಾಗಿದೆ ಎಂದು ಆಗಲೇ ಹೇಳಿದೆನಲ್ಲ. ಆತ ಬಲ ಹಾಕಿ ತಿರುಗಿಸಿದ, ಅದು ಒಮ್ಮೆಗೇ ಬಿಚ್ಚಿತು. ಸೀನು ನಿಲ್ಲುವವರೆಗೆ ನಾವು ಕಾದೆವು. ಕಣ್ಣು ಒರೆಸಿಕೊಳ್ಳುತ್ತಲೇ ಹೋಗಿ ಹೋಗಿ ಎಂದು ಕೈ ಬೀಸಿದ.

"ಪಾಪ, ನೆತ್ತಿಗೇರಿತು," ಎಂದಳು ನೀಲವ್ವ. ನನಗೆ ಎಷ್ಟು ನಗು ಬಂದಿತ್ತೆಂದರೆ ಸಿಟ್ಟು ಮಾಡುವುದೇ ಮರೆತುಹೋಯಿತು.

ಬೆಟ್ಟದ ಊರು

ನಾವು ಉಳಿದ ಹಳ್ಳಿಯ ಹೆಸರು ನನ್ನ ನಾಲಿಗೆಗೆ ಕೊನೆಯವರೆಗೂ ಹೊರಳಲಿಲ್ಲ. ಊರು ಕೆಳಗೆ, ಬೆಟ್ಟದ ಮೇಲೆ ಇನ್ನೊಂದಿಷ್ಟು ಮನೆಗಳ ಒಂದು ಓಣಿ. ನಮ್ಮ ಮನೆಯೊಡತಿ ಮಾರ್ಥಾ ಇದ್ದದ್ದು ಆ ಮೇಲಿನ ಓಣಿಯಲ್ಲಿ. ಎಪ್ಪತ್ತು ದಾಟಿದ ವಿಧವೆ. ಎಳೆಯ ವಯಸ್ಸಿನಲ್ಲಿ ಇಂಗ್ಲೆಂಡಿನ ಆಸ್ಪತ್ರೆಯಲ್ಲಿ ದಾದಿಯಾಗಿದ್ದವಳಾದ್ದರಿಂದ ನನ್ನ ಹತ್ತಿರ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಳು. ಇಸ್ಮಾಯಿಲಣ್ಣನ ಸ್ವೆಟರನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ಗಂಡನ ಓವರ್‌ಕೋಟು, ಉಣ್ಣೆಯ ಟೊಪ್ಪಿಗೆ, ಕೈಗವುಸು ತಂದು ನೀಲವ್ವನಿಗೆ ತೊಡಿಸಿದಳು. ತೊಡಿಸಿದ ಮೇಲೆ ನೀಲವ್ವ ಎಂಬುದಕ್ಕೆ ಗುರುತಾಗಿ ಉಳಿದದ್ದು ಮೂಗುತಿ ಒಂದೇ.

ಊಟಕ್ಕೆ ಬೇಯಿಸಿದ ಆಲೂಗಡ್ಡೆ, ಮೇಲೆ ಕರಗಿಸಿದ ಚೀಸು. ನೀಲವ್ವ ಅದಕ್ಕೆ ಶೇಂಗಾ ಚಟ್ನಿ ಉದುರಿಸಿಕೊಂಡಳು, ಕೇಳದೆಯೇ ಮಾರ್ಥಾಳ ತಟ್ಟೆಗೂ ಉದುರಿಸಿದಳು. ಮಾರ್ಥಾ ತಿಂದು, ಕೆಮ್ಮಿ, ನೀರು ಕುಡಿದು, ಮತ್ತೆ ಡಬ್ಬಿಗೆ ಕೈ ಚಾಚಿದಳು. ಆಗಿನಿಂದ ಇಬ್ಬರಿಗೂ ನನ್ನ ದುಭಾಷಿತನ ಅಷ್ಟಾಗಿ ಬೇಕಾಗಲಿಲ್ಲ. ಸೊಂಟ ನೋವಿನ ಬಗ್ಗೆ ಒಬ್ಬಳು ಕನ್ನಡದಲ್ಲಿ, ಇನ್ನೊಬ್ಬಳು ಜರ್ಮನ್ನಿನಲ್ಲಿ ಅರ್ಧ ತಾಸು ಮಾತಾಡಿದ್ದನ್ನು ನಾನೇ ನೋಡಿದ್ದೇನೆ.

ಮಾರ್ಥಾಳ ಚಿಂತೆ ಊಟದ ಮೇಲೆ ತಿಳಿಯಿತು. ಮೇಲಿನ ಓಣಿಗೆ ದಿನಾ ಒಂದು ಸಣ್ಣ ಬಸ್ಸು ಬಂದು ಹೋಗುತ್ತಿತ್ತು. ಖರ್ಚು ಊರಿನದು. ಹತ್ತುವವರು ಕಡಿಮೆ. ಬರುವ ವರ್ಷವೂ ಅದು ಓಡಬೇಕಾದರೆ ಊರಿನವರೆಲ್ಲ ತೆರಿಗೆ ಸ್ವಲ್ಪ ಹೆಚ್ಚು ಕೊಡಬೇಕು. ಕೊಡುತ್ತೀರಾ ಇಲ್ಲವಾ ಎಂದು ನಾಳೆಯ ಸಭೆಯಲ್ಲಿ ಕೈ ಎತ್ತಿಸಿ ಕೇಳುತ್ತಾರೆ. ಬಸ್ಸು ನಿಂತರೆ, ಕಾರು ಓಡಿಸಲು ಕಣ್ಣು ಸಾಲದ ಮಾರ್ಥಾ ಒಬ್ಬಳೇ ಪೇಟೆಗೆ ಹೋಗುವ ಹಾಗಿರಲಿಲ್ಲ.

ನಾನು ಕನ್ನಡಕ್ಕೆ ಹೇಳಿದಾಗ ನೀಲವ್ವನಿಗೆ ನನ್ನ ಇಂಗ್ಲಿಷಿನ ಮೇಲೇ ಅನುಮಾನ ಬಂತು.

"ಸರಿಯಾಗಿ ಕೇಳ್ರಿ ಅಕ್ಕಾರ. ತಮ್ಮ ಮ್ಯಾಲಿನ ಕರಾ ತಾವ ಹೆಚ್ಚ ಮಾಡ್ಕೊಳ್ಳಾಕ ಕೈ ಎತ್ತತಾರ? ಹುಚ್ಚ ಮಂದಿ ಅದಾರೇನು?"

ಮತ್ತೆ ಕೇಳಿದೆ. ಹೌದೆಂದಳು ಮಾರ್ಥಾ. ನಮ್ಮಲ್ಲಿ ಮನೆಪಟ್ಟಿಯ ಕರ ಕೇಳಲು ಹೋದರೆ ಯಜಮಾನರು ಹಿತ್ತಲ ಬಾಗಿಲಿಂದ ಹೊಲಕ್ಕೆ ಹೋಗಿರುತ್ತಾರೆ.

ಸಭೆಯ ದಿನ

ಸಭೆ ಸಂಜೆ, ಸಾಲಿಯ ಆಟದ ಹಾಲ್‌ನಲ್ಲಿ. ಊರಿನ ಮತದಾರರು ಸಾಲಾಗಿ ಕುರ್ಚಿಯ ಮೇಲೆ. ಹೊರಗಿನವರಿಗೆ ಬಾಗಿಲ ಹತ್ತಿರ ಬೇರೆಯೇ ಒಂದು ಬೆಂಚು. ಮತ ಎಣಿಸುವಾಗ ಗೊಂದಲವಾಗಬಾರದು ಎಂದು ಈ ಏರ್ಪಾಡು. ನಮ್ಮನ್ನು ಅಲ್ಲಿ ಕೂರಿಸಿದರು. ಯಾರಾದರೂ ಬಾಗಿಲು ತೆರೆದಾಗಲೆಲ್ಲ ಹಿಮದ ಗಾಳಿ ನೇರ ನಮ್ಮ ಮಂಡಿಗೇ ಬರುತ್ತಿತ್ತು.

ನೀಲವ್ವ ಸ್ವಲ್ಪ ಹೊತ್ತು ತಡೆದಳು. ಆಮೇಲೆ, "ಉಂಡ ಮನೀಯಾಕಿ ಅಲ್ಲಿ, ನಾವ ಇಲ್ಲಿ ಚಪ್ಪಲ್ ಕಾಯಾಕತ್ತೇವೇನು? ಏಳ್ರಿ," ಎಂದು ನನ್ನನ್ನು ಎಳೆದುಕೊಂಡು ಹೋಗಿ ಮಾರ್ಥಾಳ ಒಂದು ಬಾಜು ಕೂರಿಸಿ, ಇನ್ನೊಂದು ಬಾಜುವಿನ ಖಾಲಿ ಕುರ್ಚಿಯಲ್ಲಿ ತಾನು ಕುಳಿತಳು. ಮಾರ್ಥಾ ಏನೋ ಹೇಳಲು ಹೋದಳು. ಆದರೆ ಸಭೆ ಶುರುವಾಗಿಬಿಟ್ಟಿತು.

ಅಂಥ ಸಭೆ ನಾನು ನೋಡಿರಲಿಲ್ಲ. ಹಾರವಿಲ್ಲ, ಸ್ವಾಗತ ಭಾಷಣವಿಲ್ಲ, ವೇದಿಕೆಯ ಮೇಲೆ ಗಣ್ಯರ ಕುರ್ಚಿಗಾಗಿ ಜಗಳವಿಲ್ಲ. ರಸ್ತೆಯ ಹಿಮ ತೆಗೆಯಲು ಎಷ್ಟು, ಸ್ಮಶಾನದ ಬೇಲಿಗೆ ಎಷ್ಟು ಎಂದು ಊರ ಅಧ್ಯಕ್ಷ ಓದುತ್ತಿದ್ದ. ಜನ ಎದ್ದು ನಿಂತು ಕೇಳುತ್ತಿದ್ದರು. ಒಬ್ಬ ಹೆಂಗಸು ಸಾಲಿಯ ಕಿಟಕಿಯ ಪರದೆಗಳು ಇನ್ನೊಂದು ವರ್ಷ ಬರುತ್ತವೆ, ಒಗೆದರೆ ಸಾಕು ಎಂದಳು. ಮಾರ್ಥಾ ನನ್ನ ಕಿವಿಯಲ್ಲಿ, ನಾನು ಆಕೆಯ ಬೆನ್ನ ಹಿಂದಿನಿಂದ ಬಾಗಿ ನೀಲವ್ವನ ಕಿವಿಯಲ್ಲಿ.

ಬಸ್ಸಿನ ಸರದಿ ಬಂತು. ಚೀಸು ಮಾಡುವ ಹಾನ್ಸ್ ಎಂಬ ದಪ್ಪ ಮನುಷ್ಯ ಎದ್ದು, ಖಾಲಿ ಬಸ್ಸನ್ನು ಬೆಟ್ಟ ಹತ್ತಿಸಿ ಇಳಿಸಲು ನಾನೇಕೆ ತೆರಿಗೆ ಹೆಚ್ಚು ಕೊಡಲಿ ಎಂದು ಜೋರಾಗಿಯೇ ಕೇಳಿದ. ಮಾರ್ಥಾಳೂ ಎದ್ದಳು. ಮೇಲಿನ ಓಣಿಯೂ ಈ ಊರೇ ಅಲ್ಲವೇ ಎಂದಷ್ಟೇ ಹೇಳಿ ಕುಳಿತಳು. ಅದನ್ನು ನೀಲವ್ವನಿಗೆ ಕನ್ನಡದಲ್ಲಿ ಹೇಳಿದೆ. ಆಕೆ ಮಾರ್ಥಾಳ ಮಂಡಿಯ ಮೇಲೆ ಕೈ ಇಟ್ಟಳು.

ಬಸ್ಸು ಬೇಕೆನ್ನುವವರು ಕೈ ಎತ್ತಿ ಎಂದ ಅಧ್ಯಕ್ಷ. ಎಣಿಸುವವನು ಸಾಲು ಸಾಲಾಗಿ ಬಂದ, ನನ್ನ ಕಣ್ಣು ಅವನ ಮೇಲೇ ಇತ್ತು. ಬೇಡವೆನ್ನುವವರದೂ ಎಣಿಸಿದ. ಬಸ್ಸಿಗೆ ಒಂದೇ ಒಂದು ಕೈ ಹೆಚ್ಚು!

ಮಾರ್ಥಾ ನನ್ನನ್ನು ತಬ್ಬಿಕೊಂಡಳು. ಆಮೇಲೆ ನೀಲವ್ವನನ್ನು ತಬ್ಬಿಕೊಳ್ಳಲು ತಿರುಗಿದವಳು ಹಾಗೇ ನಿಂತಳು. ನೀಲವ್ವ ಆಗಷ್ಟೇ ತೋಳು ಸವರಿಕೊಳ್ಳುತ್ತ, "ಕೈ ಸೋತ ಬಂತ್ರಿ, ಎಷ್ಟೊತ್ತು ಎಣಿಸ್ತಾನ ಇಂವಾ," ಎನ್ನುತ್ತಿದ್ದಳು.

ನಾನು ಥಟ್ಟನೆ ಆಕೆಯ ಕಡೆ ತಿರುಗಿದೆ. "ನೀಲವ್ವಾರ, ನೀವೂ ಎತ್ತಿದ್ರಿ?"

"ಮತ್ತ? ಆಕೀ ಮನ್ಯಾಗ ಉಂಡೇನಿ. ಆಕೀ ಕೈ ಮ್ಯಾಲೆ ಇರುವಾಗ ನಾ ಕೈ ಕಟಗೊಂಡು ಕುಂದರಲೇನು? ನಾಳಿ ಯಾವ ಮಾರಿ ಇಟಗೊಂಡು ಆಕೀ ರೊಟ್ಟಿ ಮುರೀಲಿ?"

ಎಣಿಸುವವನು ಕೈ ನೋಡಿದ್ದ, ಮುಖ ನೋಡಿರಲಿಲ್ಲ. ಮಾರ್ಥಾಳ ಗಂಡನ ಕೋಟಿನ ತೋಳು, ಊರಿನದೇ ಕೈಗವುಸು, ಅವನದೇನು ತಪ್ಪು? ಸಭೆಯಲ್ಲಿ ಬೇರೆ ಯಾರಿಗೂ ಗೊತ್ತಾಗಿರಲಿಲ್ಲ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಬಸ್ಸು ಓಡುತ್ತಿತ್ತು. ಮುಚ್ಚಿಕೊಂಡೇ ಇದ್ದೆ, ನಿಜ ಹೇಳಬೇಕಲ್ಲ. ಎದ್ದು ನಿಂತವಳು ಮಾರ್ಥಾ.

ಆಕೆ ಹೇಳಿದ್ದು ಜರ್ಮನ್ನಿನಲ್ಲಿ, ಆದರೆ ಅರ್ಥವಾಗಲು ಭಾಷೆ ಬೇಕಿರಲಿಲ್ಲ. ಸಭೆಯೆಲ್ಲ ನಮ್ಮ ಕಡೆ ತಿರುಗಿತು. ಟೊಪ್ಪಿಗೆಯ ಕೆಳಗಿನ ಮೂಗುತಿ ಎಲ್ಲರಿಗೂ ಕಂಡಿತು. ಮೊದಲು ನಕ್ಕವನು ಹಾನ್ಸ್, ಆಮೇಲೆ ಎಲ್ಲರೂ. ನಮ್ಮನ್ನು ಮರಳಿ ಬಾಗಿಲ ಬೆಂಚಿಗೆ ಕಳಿಸಿ ಮತ್ತೆ ಎಣಿಸಿದರು. ಸರಿಸಮ. ಸರಿಸಮವಾದರೆ ಅಲ್ಲಿ ಅಧ್ಯಕ್ಷನ ಮಾತೇ ಕೊನೆ. ಆತ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಬಸ್ಸು ಬೇಡ ಎಂದ.

ಹಿಮದ ದಾರಿ

ನಮ್ಮ ಕಡೆ ಇಂಥ ಸಭೆಯಾದ ಮೇಲೆ ಎರಡು ಮನೆಗಳ ನಡುವೆ ಬೀಗತನ ನಿಲ್ಲುತ್ತದೆ. ಅಲ್ಲಿ ಹಾಲ್‌ನ ಹಿಂಭಾಗದಲ್ಲಿ ಬ್ರೆಡ್ಡು, ಚೀಸು, ವೈನು ಇಟ್ಟಿದ್ದರು. ಹಾನ್ಸ್ ಎರಡು ಗ್ಲಾಸು ಹಿಡಿದು ನೇರ ಮಾರ್ಥಾಳ ಬಳಿ ಬಂದ. ಇಬ್ಬರೂ ಆಕಳ ಕರುವಿನ ಸುದ್ದಿ ಮಾತಾಡಿದರು. ನೀಲವ್ವ ಕಣ್ಣು ಬಿಟ್ಟುಕೊಂಡು ನೋಡಿದಳು.

ಮನೆಗೆ ಬಿಟ್ಟವನೂ ಹಾನ್ಸನೇ. ಜೀಪು ಹತ್ತುವಾಗ, ಇನ್ನು ಮೇಲೆ ಪೇಟೆಗೆ ನಾನೇ ಕರೆದುಕೊಂಡು ಹೋಗುತ್ತೇನೆ ಬಿಡು ಎಂದನಂತೆ.

"ಹಂಗಾರ ಇಂವಾ ಬಸ್ ಬ್ಯಾಡಂದದ್ದ ಯಾಕ?" ಎಂದು ಮನೆ ಸೇರಿದ ಮೇಲೆ ನೀಲವ್ವ ಕೇಳಿದಳು. ಮಾರ್ಥಾ ಒಲೆಗೆ ಕಟ್ಟಿಗೆ ಹಾಕುತ್ತ ನಿಧಾನ ಉತ್ತರ ಕೊಟ್ಟಳು.

"ಹಾನ್ಸ್ ಒಳ್ಳೆಯವನು, ಕೇಳಿದಾಗ ಬರುತ್ತಾನೆ. ಆದರೆ ಪ್ರತಿ ಸಲ ಕೇಳಬೇಕು, ಪ್ರತಿ ಸಲ ಥ್ಯಾಂಕ್ಸ್ ಹೇಳಬೇಕು. ಬಸ್ಸಿಗೆ ನಾನು ಏನನ್ನೂ ಕೇಳುತ್ತಿರಲಿಲ್ಲ. ಅದು ಬರುತ್ತಿತ್ತು, ನಾನು ಹತ್ತುತ್ತಿದ್ದೆ."

ನಾನು ಕನ್ನಡಕ್ಕೆ ಹೇಳಿದೆ. ನೀಲವ್ವನ ಕಣ್ಣಲ್ಲಿ ನೀರು ಬಂತು. ಆಕೆ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಕೇಳ್ರಿ ಆಕೀನ್ನ. ಯಾಕ ಹೇಳಿದ್ಲು? ಸುಮ್ನ ಇದ್ದಿದ್ರ ಯಾರಿಗೆ ಗೊತ್ತಾಗತಿತ್ತು?"

ಮಾರ್ಥಾ ನಕ್ಕಳು. "ಹಾಗೆ ಗೆದ್ದಿದ್ದರೆ ಪ್ರತಿ ಸಲ ಬಸ್ಸು ಹತ್ತುವಾಗ ತಲೆ ತಗ್ಗಿಸಬೇಕಿತ್ತು," ಎಂದಳು. "ಮುಂದಿನ ವರ್ಷ ಮತ್ತೆ ಕೇಳುತ್ತೇನೆ. ಒಂದು ಕೈ ತಾನೇ ಕಡಿಮೆಯಾದದ್ದು?"

ಆಮೇಲೆ ಚಟ್ನಿಯ ಡಬ್ಬಿ ಎಲ್ಲಿ ಎಂದು ಕೇಳಿದಳು.

ಖಾನಾಪುರ

ವಾಪಸು ಬಂದ ಮೇಲೆ ಜನ ಕೇಳಿದ್ದು ಹಿಮ ಹೇಗಿರುತ್ತದೆ, ಆಕಳು ಎಷ್ಟು ಹಾಲು ಕೊಡುತ್ತವೆ ಎಂದು. ಬಜೆಟ್ಟಿನ ಸುದ್ದಿ ಇಸ್ಮಾಯಿಲಣ್ಣನಿಗೂ ಬೇಡವಾಗಿತ್ತು. ತನ್ನ ಸ್ವೆಟರು ಸಾಕಾಯಿತೇ ಎಂದಷ್ಟೇ ಕೇಳಿದ. ಸಾಕಾಯಿತು ಎಂದು ಸುಳ್ಳು ಹೇಳಿದೆ.

ಬೇಸಿಗೆಯಲ್ಲಿ ನೀಲವ್ವನ ಮಗ ಫೋನು ಮಾಡಿ, ನೀವು ಗ್ರಾಮಸಭೆಗೆ ಬರಬೇಕಂತ ಅವ್ವ ಹೇಳ್ಯಾಳ ಎಂದ. ಖಾನಾಪುರದಲ್ಲಿ ಬಸ್ಸು ಬದಲಿಸಿ, ಒಣಗಿದ ಹಳ್ಳ ದಾಟಿ ಅವರ ಮನೆ ಮುಟ್ಟಿದಾಗ ಊಟದ ಹೊತ್ತು. ಬಿಸಿ ರೊಟ್ಟಿ, ಝುಣಕ, ಗಟ್ಟಿ ಮೊಸರು, ಉಳ್ಳಾಗಡ್ಡಿ. ಸಾಕೆಂದರೂ ಕೇಳದೆ ನೀಲವ್ವ ಬಡಿಸಿದಳು. ಬೆಲ್ಟು ಬಿಗಿದಂತೆ ನನ್ನ ಸೀರೆಯ ಗಂಟು ಬಿಗಿಯಿತು.

ಮೊದಲೆಲ್ಲ ಅವರ ಗ್ರಾಮಸಭೆ ಹೇಗೆ ನಡೆಯುತ್ತಿತ್ತೆಂದು ಆಕೆಯೇ ಹೇಳಿದ್ದಳು: ಕಾರ್ಯದರ್ಶಿ ಓದುವುದು, ಮಂದಿ ಹೂಂ ಎನ್ನುವುದು, ಸಹಿ ಹಾಕಿ ಚಹಾ ಕುಡಿಯುವುದು. ಈ ಸಲ ಬೇವಿನ ಮರದ ಕೆಳಗೆ ಮಂದಿ ಸಾಲಾಗಿ ಕೂತಿದ್ದರು. ಆಚೆ, ಬಿಸಿಲಿನಲ್ಲಿ, ಒಂದೇ ಒಂದು ಬೆಂಚು.

"ಹೊರಗಿನವ್ರು ಅಲ್ಲಿ ಕುಂದರ್ರಿ," ಎಂದಳು ಅಧ್ಯಕ್ಷೆ. ಹೊರಗಿನವಳು ನಾನೊಬ್ಬಳೇ.

ಉಳಿದ ಹಣದಲ್ಲಿ ಒಂದೇ ಕೆಲಸ ಆಗುವ ಹಾಗಿತ್ತು: ಹಳ್ಳಕ್ಕೆ ಸೇತುವೆ, ಇಲ್ಲವೇ ಮೇಲಿನ ಓಣಿಗೆ ಸಿಮೆಂಟು ರಸ್ತೆ. ಬಸಪ್ಪ ಹಳೆಯ ಮಾತನ್ನೇ ಹಾರಿಸಿದ. ನೀಲವ್ವ ಸಿಟ್ಟಾಗಲಿಲ್ಲ. "ಖರೇ ಐತಿ, ನನ್ನ ಮನೀನೂ ಆ ಬಾಜೂನ ಐತಿ. ಅದಕ್ಕ ನಾ ಹೇಳೂದಿಲ್ಲ, ನೀವ ಕೈ ಎತ್ತಿ ಹೇಳ್ರಿ. ಸಾಲಿ ಮಾಸ್ತರು ಎಣಸ್ತಾರ," ಎಂದಳು. ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಊರಿನ ರೊಕ್ಕದ ಬಗ್ಗೆ ಅವರನ್ನು ಹಾಗೆ ಯಾರೂ ಕೇಳಿರಲಿಲ್ಲ. ಆಮೇಲೆ ಶುರುವಾಯಿತು ನೋಡಿ! ಸಿಮೆಂಟು ಎಷ್ಟು ಚೀಲ, ಕಂಟ್ರಾಕ್ಟರು ಯಾರು, ಹೋದ ವರ್ಷದ ಗಟಾರ ಒಡೆದದ್ದೇಕೆ? ಖಡೇಬಜಾರಿನವರು ದಿಲ್ಲಿಯ ಮಂತ್ರಿಯನ್ನು ತರಾಟೆಗೆ ತೆಗೆದುಕೊಂಡದ್ದು ಇದರ ಮುಂದೆ ಏನೂ ಅಲ್ಲ.

ಬಿಸಿಲು ನೆತ್ತಿ ಸುಡುತ್ತಿತ್ತು. ಊಟ ಬೇರೆ ಭಾರವಾಗಿತ್ತು. ಎದ್ದು ಹೋಗಿ ನೆರಳಿನಲ್ಲಿ, ಕುರಿಗಾರರ ಓಣಿಯ ಹೆಣ್ಣುಮಕ್ಕಳ ನಡುವೆ ಕುಳಿತೆ. ಸೇತುವೆಗೆ ಕೈ ಎತ್ತಿ ಎಂದರು ಮಾಸ್ತರು. ನೀಲವ್ವನ ಕೈ ಎದ್ದಿತು. ನನ್ನ ಸುತ್ತ ಬಳೆಗಳೆಲ್ಲ ಝಣ್ಣೆಂದು ಮೇಲೆದ್ದವು. ಮಾಸ್ತರು ಎಣಿಸುತ್ತ ನಮ್ಮ ಸಾಲಿಗೆ ಬಂದರು.

"ಮಾಸ್ತರ, ನಿಂದರ್ರಿ!" ಆ ದನಿ ಪಾರಿಶ್ವಾಡಕ್ಕೂ ಕೇಳಿಸಿರಬೇಕು. "ಅಕ್ಕಾರ, ಕೈ ತೆಳಗ!"

ನೋಡಿಕೊಂಡೆ. ನನ್ನ ಬಲಗೈ ಎಲ್ಲರಿಗಿಂತ ಎತ್ತರಕ್ಕೆ ಎದ್ದಿತ್ತು. ದೇವರಾಣೆಗೂ ನನಗೆ ಗೊತ್ತಾಗಿರಲಿಲ್ಲ. ಊರೆಲ್ಲ ನಕ್ಕಿತು, ಬಸಪ್ಪ ಎಲ್ಲರಿಗಿಂತ ಜೋರಾಗಿ. ನಾನು ಬಿಸಿಲಿನ ಬೆಂಚಿಗೆ ಹೋಗಿ ತಲೆ ತಗ್ಗಿಸಿ ಕುಳಿತೆ. ಮಾಸ್ತರು ಮೊದಲಿನಿಂದ ಎಣಿಸಿದರು. ಸೇತುವೆಗೆ ಒಂದು ಕೈ ಕಡಿಮೆ ಬಿತ್ತು.

ನನಗೆ ಅಳು ಬರುವ ಹಾಗಾಯಿತು. ನೀಲವ್ವ ಒಂದು ಗಳಿಗೆ ಹಳ್ಳದ ಕಡೆ ನೋಡಿದಳು. ಆಮೇಲೆ, "ರಸ್ತೆ ಪಾಸಾತು," ಎಂದು ತಾನೇ ಸಾರಿ, ಚಹಾದ ಎರಡು ಕಪ್ಪು ಎತ್ತಿಕೊಂಡು ಹೋಗಿ ಒಂದನ್ನು ಬಸಪ್ಪನ ಕೈಗೆ ಕೊಟ್ಟಳು. ಬಸಪ್ಪನ ನಗು ನಿಂತುಹೋಯಿತು. ಗೆದ್ದವನಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ.

"ಮಳಿಗಾಲದಾಗ ಹಳ್ಳಾ ಬಂದ್ರ ಹೇಳಿ ಕಳಸವ್ವಾ," ಎಂದ, "ನಮ್ಮ ಟ್ರ್ಯಾಕ್ಟರ್ ಕಳಸ್ತೀನಿ."

"ಕಳಸೋ ತಮ್ಮಾ, ಬ್ಯಾಡನ್ನೂದಿಲ್ಲ. ಆದ್ರ ನಿನ್ನ ಟ್ರ್ಯಾಕ್ಟರಿಗೆ ದಿನಾ ಶರಣು ಅನಬೇಕಾಕ್ಕೇತಿ. ಬ್ರಿಜ್ಜಿಗೆ ಯಾರೂ ಶರಣು ಅನ್ನಂಗಿಲ್ಲ. ಬರೂ ವರ್ಷ ಮತ್ತ ಕೇಳ್ತೀನಿ."

ಮಾರ್ಥಾಳ ಮಾತು ಇಷ್ಟು ಚೆನ್ನಾದ ಕನ್ನಡಕ್ಕೆ ನನ್ನಿಂದ ಬಂದಿರಲಿಲ್ಲ.

ಖಾನಾಪುರದ ಬಸ್ಸಿಗೆ ಬಿಡಲು ಆಕೆ ಹಳ್ಳದ ಮರಳಿನಲ್ಲಿ ನನ್ನ ಜೊತೆ ನಡೆದು ಬಂದಳು. ನಾನು ನಾಚಿಕೆಯಿಂದ, "ತಪ್ಪಾತ್ರಿ ನೀಲವ್ವಾರ, ನಿಮ್ಮ ಮನ್ಯಾಗ ಉಂಡಿದ್ದೆ, ಕೈ ತಾನ ಎದ್ದ ಬಿಡ್ತು," ಎಂದೆ. ಬಸ್ಸು ಬಂತು. ನನ್ನನ್ನು ಹತ್ತಿಸಿ, ಬುತ್ತಿಯ ಗಂಟನ್ನು ಕಿಟಕಿಯಿಂದ ಒಳಗೆ ತುರುಕುತ್ತ, ಬಸ್ಸಿನವರಿಗೆಲ್ಲ ಕೇಳುವಂತೆ ಹೇಳಿದಳು:

"ಬರೂ ವರ್ಷನೂ ಬರ್ರಿ ಅಕ್ಕಾರ. ಆದ್ರ ಸಭಾ ಮುಗಿಯೂತನಾ ನಿಮಗ ನಮ್ಮ ಮನ್ಯಾಗ ಊಟಾ ಇಲ್ಲ ನೋಡ್ರಿ."